ಸಹಾಯ ಬೇಕು: ರೆಡ್‌ಶಿಫ್ಟ್ 6ರ ಗೆಲಾಕ್ಸಿಗಳ ಸಹಸಂಬಂಧದ ಲೆಕ್ಕ

ಜೇಮ್ಸ್ ವೆಬ್ ದೂರದರ್ಶಕದ ಅವಕೆಂಪು ಕ್ಯಾಮೆರಾ ನಿರ್‌ಕ್ಯಾಮ್‌ನ ಚಿತ್ರಗಳಿಂದ ಆಯ್ದ, ರೆಡ್‌ಶಿಫ್ಟ್ (ಬೆಳಕು ಹಿಗ್ಗಿ ಕೆಂಪಾದ ಪ್ರಮಾಣ, ಹೆಚ್ಚಿದಷ್ಟು ದೂರ) 6ರ ಗೆಲಾಕ್ಸಿಗಳು ಎಷ್ಟು ಗುಂಪುಗೂಡಿವೆ ಎಂದು ಅಳೆಯುವಲ್ಲಿ ಒಂದು ತೊಡಕು. ಬಳಸಿದ್ದು 1993ರ ಲ್ಯಾಂಡಿ-ಸಲಾಯ್ ಸೂತ್ರ: ಗೆಲಾಕ್ಸಿ ಜೋಡಿಗಳ ಎಣಿಕೆಯನ್ನು ಯಾದೃಚ್ಛಿಕವಾಗಿ ಚೆಲ್ಲಿದ ಬಿಂದುಗಳ ಜೋಡಿಗಳೊಂದಿಗೆ ಹೋಲಿಸಿ ಸಹಸಂಬಂಧ ತೆಗೆಯುವುದು. ಯಾದೃಚ್ಛಿಕ ಬಿಂದುಗಳು ಗೆಲಾಕ್ಸಿಗಳ 20 ಪಟ್ಟು, ಪ್ರಖರ ನಕ್ಷತ್ರಗಳ ಸುತ್ತಲಿನ ಜಾಗವನ್ನು ಎರಡೂ ಪಟ್ಟಿಗಳಿಂದ ತೆಗೆದಿದೆ.

ಜೋಡಿಗಳ ನಡುವಿನ ಕೋನ ದೊಡ್ಡದಾದಲ್ಲಿ ಸಹಸಂಬಂಧದ ಬೆಲೆ ಸೊನ್ನೆಗಿಂತ ಕೆಳಗಿಳಿಯುತ್ತಿತ್ತು. ಅದರ ಕಾರಣ ಗೊತ್ತಿರುವುದೇ: ಸರಾಸರಿ ಸಾಂದ್ರತೆಯನ್ನೂ ಇದೇ ಪುಟ್ಟ ಕ್ಷೇತ್ರದಿಂದ ತೆಗೆದುಕೊಂಡಿದ್ದೇವೆ. ಸಹಸಂಬಂಧ ಕೋನದ -0.8 ಘಾತದಂತೆ ಇಳಿಯುತ್ತದೆ ಎಂದು ಹಿಡಿದು, ಯಾದೃಚ್ಛಿಕ ಜೋಡಿಗಳ ಮೇಲೆ ಅದರ ಸರಾಸರಿ ತೆಗೆದು ಕೂಡಿಸಿದ ಮೇಲೆ ಬಾಲ ಸರಿಹೋಯಿತು.

ಉಳಿದ ತಲೆನೋವು 10 ಆರ್ಕ್‌ಸೆಕೆಂಡ್‌ಗಿಂತ ಒಳಗಿನ ಕಡಿದಾದ ಏರಿಕೆ. ರೆಡ್‌ಶಿಫ್ಟ್ 6ರಲ್ಲಿ ಅದು ಸಹಚಲನ ಅಳತೆಯಲ್ಲಿ (ವಿಶ್ವದ ಹಿಗ್ಗುವಿಕೆಯನ್ನು ಲೆಕ್ಕದಿಂದ ತೆಗೆದ ದೂರ) ಸುಮಾರು 0.4 ಮೆಗಾಪಾರ್ಸೆಕ್. ಒಂದೇ ಡಾರ್ಕ್ ಮ್ಯಾಟರ್ ಹೇಲೋದಲ್ಲಿ (ಗೆಲಾಕ್ಸಿಗಳನ್ನು ಆವರಿಸಿರುವ ಕಾಣದ ದ್ರವ್ಯದ ಮುದ್ದೆ) ಎರಡು ಗೆಲಾಕ್ಸಿಗಳಿದ್ದರೂ ಹೀಗಾಗುತ್ತದೆ. ಆದರೆ ಗಂಟುಗಂಟಾದ ಒಂದೇ ಗೆಲಾಕ್ಸಿಯನ್ನು ಚಿತ್ರದಲ್ಲಿ ಕಾಯಗಳನ್ನು ಗುರುತಿಸುವ ತಂತ್ರಾಂಶ ಸೋರ್ಸ್ ಎಕ್ಸ್‌ಟ್ರ್ಯಾಕ್ಟರ್ ಎರಡಾಗಿ ಸೀಳಿದರೂ ಹೀಗೇ (ಅನುಮಾನ ಹೆಚ್ಚು ಇದರ ಮೇಲೇ, ಏರಿಕೆಯ ಬಹುಪಾಲು 1 ಆರ್ಕ್‌ಸೆಕೆಂಡ್‌ನೊಳಗಿದೆ). ಅದರ ಡಿಬ್ಲೆಂಡ್ ಕಾಂಟ್ರಾಸ್ಟ್ (ಒಂದು ಗಂಟನ್ನು ಬೇರೆ ಕಾಯವೆಂದು ಎಣಿಸಲು ಅದರಲ್ಲಿರಬೇಕಾದ ಬೆಳಕಿನ ಕನಿಷ್ಠ ಪಾಲು) 0.005ರಿಂದ 0.0001ಕ್ಕೆ ಇಳಿಸಿದರೆ ಜೋಡಿಗಳು ಇನ್ನೂ ಹೆಚ್ಚುತ್ತವೆ.

ಕೃತಕ ಗೆಲಾಕ್ಸಿಗಳನ್ನು ಚಿತ್ರಕ್ಕೆ ಸೇರಿಸಿ ಈ ಸೀಳುವಿಕೆಯನ್ನು ಅಳೆದವರಿದ್ದಾರೆಯೇ? ಯಾವ ಕಾಂಟ್ರಾಸ್ಟ್, ಎಷ್ಟು ಕೋನದಿಂದಾಚೆ ಫಿಟ್ ಮಾಡಿದಿರಿ? ಚಿತ್ರದ ಆಳ (ಎಷ್ಟು ಮಸುಕಾದ ಗೆಲಾಕ್ಸಿಯವರೆಗೆ ಕಾಣುತ್ತದೆ ಎಂಬುದು) ಜಾಗದಿಂದ ಜಾಗಕ್ಕೆ ಬದಲಾಗುವುದಕ್ಕೆ ಯಾದೃಚ್ಛಿಕ ಬಿಂದುಗಳನ್ನು ಹೇಗೆ ಹೊಂದಿಸಿದಿರಿ ಎಂಬುದನ್ನೂ ತಿಳಿಸಿ.