ಕಿಡ್ನಿಯ ಸಣ್ಣ ಗಂಟಿಗೆ ಸೂಜಿ ಬಯಾಪ್ಸಿ: ರಿಪೋರ್ಟ್ ಎಷ್ಟು ನಂಬಬಹುದು?

ಪ್ರಶ್ನೆ (ರಾಣೆಬೆನ್ನೂರು): ನಮಸ್ಕಾರ ಡಾಕ್ಟ್ರೇ. ನಮ್ಮ ಅಪ್ಪಾಜಿಗೆ 71 ವರ್ಷ. ಹೊಟ್ಟಿ ಸ್ಕ್ಯಾನಿಂಗ್ ಮಾಡಿಸಿದಾಗ ಬಲಗಡೆ ಕಿಡ್ನ್ಯಾಗ 2.6 ಸೆಂ.ಮೀ. ಗಂಟು ಕಾಣಿಸೇತಿ. ಸಿಟಿಯೊಳಗ ಕಾಂಟ್ರಾಸ್ಟ್ (ಸ್ಕ್ಯಾನಿಗೆ ಕೊಡೂ ಔಷಧ) ಹಿಡದೇತಿ, ಕೊಬ್ಬು ಇಲ್ಲ ಅಂತ ಬರದಾರ. ಹೋದ ವರ್ಷ ಹಾರ್ಟಿಗೆ ಸ್ಟೆಂಟ್ ಹಾಕ್ಸೇವಿ, ರಕ್ತ ಹೆಪ್ಪುಗಟ್ಟದಂಗ ಮಾಡೂ ಗುಳಿಗಿ ಕ್ಲೋಪಿಡೋಗ್ರೆಲ್ ನಡದೇತಿ. ಕಿಡ್ನಿ ಕೆಲಸ ತೋರಿಸೂ ಕ್ರಿಯಾಟಿನಿನ್ 1.7. ಒಬ್ರು ಸೂಜಿ ಹಾಕಿ ನೋಡೋಣು ಅಂತಾರ, ಇನ್ನೊಬ್ರು ಸೂಜಿ ನಂಬೂದು ಬ್ಯಾಡ, ಸೀದಾ ಆಪರೇಷನ್ ಮಾಡಿಸ್ರಿ ಅಂತಾರ. ಏನು ಮಾಡೂದ್ರೀ?

ಉತ್ತರ (ರೇಡಿಯಾಲಜಿಸ್ಟ್, ಹುಬ್ಬಳ್ಳಿ): ನಿಮ್ಮ ತಂದೆಯವರಿಗೆ ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು, ಖಂಡಿತ ಉಪಯೋಗಕ್ಕೆ ಬರುತ್ತದೆ. 4 ಸೆಂ.ಮೀ. ಒಳಗಿನ ಗಂಟುಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಆಗಿರುವುದೇ ಇಲ್ಲ. ಹೃದಯ, ಕಿಡ್ನಿ ಎರಡೂ ಸೋತಿರುವಾಗ ಅಂಥ ಗಂಟಿಗೆ ಆಪರೇಷನ್ ಮಾಡಿಸಿದರೆ ನಷ್ಟವೇ ಹೆಚ್ಚು. ಗಟ್ಟಿಮುಟ್ಟಾದ 45ರವರಾಗಿದ್ದು, ರಿಪೋರ್ಟ್ ಏನೇ ಬಂದರೂ ತೆಗೆಸುವುದೇ ಎಂದು ನಿರ್ಧಾರವಾಗಿದ್ದರೆ ಸೂಜಿಯ ಅಗತ್ಯ ಅಷ್ಟಿರುತ್ತಿರಲಿಲ್ಲ.

ಈಗ ನಂಬಿಕೆಯ ವಿಷಯ. ತೆಳು ಸೂಜಿಯಿಂದ ಬರೀ ಜೀವಕೋಶ ಎಳೆಯುವ ಎಫ್‌ಎನ್‌ಎಸಿ ಒಂದನ್ನೇ ಮಾಡಿಸಬೇಡಿ. ಅಂಗಾಂಶದ ತುಣುಕನ್ನೇ ಕತ್ತರಿಸಿ ತೆಗೆಯುವ 18 ಗೇಜ್ ದಪ್ಪದ ಕೋರ್ ಸೂಜಿಯಲ್ಲಿ ಕನಿಷ್ಠ 2 ಒಳ್ಳೆಯ ತುಣುಕು ತೆಗೆಯಬೇಕು. ಹಾಗೆ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಇದೆ ಎಂದು ಬಂದರೆ ಅದು ಸುಳ್ಳಾಗುವುದು ತೀರಾ ಅಪರೂಪ. ತೊಂದರೆ ಇರುವುದು ಉಳಿದ ಎರಡು ಬಗೆಯ ರಿಪೋರ್ಟ್‌ಗಳಲ್ಲಿ. ನೂರರಲ್ಲಿ 10ರಿಂದ 15 ಸಲ ಬರೀ ಕಿಡ್ನಿಯ ಮಾಮೂಲಿ ಭಾಗ, ರಕ್ತ ಅಥವಾ ಸತ್ತ ಅಂಗಾಂಶ ಬಂದು ಏನೂ ಹೇಳಲಾಗುವುದಿಲ್ಲ. ಇದನ್ನು ಕ್ಯಾನ್ಸರ್ ಇಲ್ಲ ಎಂದು ತಿಳಿದು ಮನೆಗೆ ಹೋಗಿಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಮತ್ತೊಮ್ಮೆ ಮಾಡಿಸಿದರೆ ಬಹುತೇಕರಿಗೆ ಉತ್ತರ ಸಿಗುತ್ತದೆ. ಇನ್ನು ಸ್ಪಷ್ಟವಾಗಿ ಇಲ್ಲ ಎಂದು ಬಂದರೂ ಸ್ಕ್ಯಾನ್ ಬಿಡುವಂತಿಲ್ಲ. ಅಂಥ ರಿಪೋರ್ಟ್ ಬಂದ ಮೇಲೂ ಆಪರೇಷನ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಕಂಡದ್ದನ್ನು 2016ರ ಒಂದು ದೊಡ್ಡ ಸಮೀಕ್ಷೆ ತೋರಿಸಿದೆ. ಆದರೆ ಅವರು ಡಾಕ್ಟರಿಗೆ ಮೊದಲೇ ಅನುಮಾನವಿದ್ದವರು, ಎಲ್ಲರಿಗೂ ಆ ಲೆಕ್ಕ ಹಾಕಬಾರದು.

ಗಂಟು 1 ಸೆಂ.ಮೀ. ಆಸುಪಾಸಿದ್ದರೆ, ನೀರುಗುಳ್ಳೆಯಂತಿದ್ದರೆ ಅಥವಾ ಮುಂಭಾಗದಲ್ಲಿ ರಕ್ತನಾಳಗಳ ಹತ್ತಿರ ಇದ್ದರೆ ಗುರಿ ತಪ್ಪುವ ಸಂಭವ ಜಾಸ್ತಿ. 2.6 ಸೆಂ.ಮೀ. ಗಟ್ಟಿ ಗಂಟು ಒಳ್ಳೆಯ ಗುರಿಯೇ.

ಕ್ಲೋಪಿಡೋಗ್ರೆಲ್ ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲಿಸುತ್ತೇವೆ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಹಾರ್ಟ್ ಡಾಕ್ಟರು ಈಗ ಬೇಡ ಎಂದರೆ ಕಾಯೋಣ. ಇಂಥ ಗಂಟು ಸರಾಸರಿ ವರ್ಷಕ್ಕೆ 2–3 ಮಿ.ಮೀ. ಬೆಳೆಯುವುದು, ಒಂದೆರಡು ತಿಂಗಳಲ್ಲಿ ಕೈಮೀರುವುದಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ 1.5ರ ಒಳಗೆ, ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ, ಬಿಪಿ ಹತೋಟಿಯಲ್ಲಿ ಇರಬೇಕು.

ಪ್ರಶ್ನೆ (ಗದಗ): ನಮ್ಮ ಅಕ್ಕನ ಕಿಡ್ನಿ ಗಂಟಿನ ಬಯಾಪ್ಸಿ ರಿಪೋರ್ಟಿನ್ಯಾಗ ‘ಆಂಕೋಸೈಟಿಕ್ ನಿಯೋಪ್ಲಾಸಂ’ ಅಂತ ಅಷ್ಟ ಬರದಾರ. ಕ್ಯಾನ್ಸರ್ ಹೌದೋ ಅಲ್ಲೋ ಹೇಳಿಲ್ಲ. ಲ್ಯಾಬಿನವರ ತಪ್ಪೇನ್ರೀ?

ಉತ್ತರ (ಪೆಥಾಲಜಿಸ್ಟ್, ಧಾರವಾಡ): ತಪ್ಪಲ್ಲ, ಪ್ರಾಮಾಣಿಕ ರಿಪೋರ್ಟ್ ಅದು. ಕ್ಯಾನ್ಸರಲ್ಲದ ಆಂಕೋಸೈಟೋಮಾ, ಕ್ಯಾನ್ಸರಾದ ಕ್ರೋಮೋಫೋಬ್ ಎರಡರಲ್ಲೂ ಗುಲಾಬಿ ಬಣ್ಣದ ದಪ್ಪ ಜೀವಕೋಶಗಳೇ ಕಾಣುತ್ತವೆ. ದಾರದಷ್ಟು ತುಣುಕಿನಲ್ಲಿ ಗಂಟಿನ ಒಟ್ಟು ರಚನೆ ಕಾಣದು. ಜೀವಕೋಶದಲ್ಲಿ ಸಿಕೆ7, ಸಿಡಿ117 ಎಂಬ ಪ್ರೋಟೀನ್‌ಗಳಿವೆಯೇ ಎಂದು ಬಣ್ಣ ಹಾಕಿ ನೋಡುವ ಪರೀಕ್ಷೆ ಆಗಿದೆಯೇ ಕೇಳಿ. ಸಿಡಿ117 ಎರಡರಲ್ಲೂ ಬರುತ್ತದೆ, ಸಿಕೆ7 ಎಲ್ಲೆಡೆ ಹಬ್ಬಿದ್ದರೆ ಕ್ರೋಮೋಫೋಬ್ ಕಡೆ ವಾಲುತ್ತದೆ. ಆಗಿರದಿದ್ದರೆ ಬ್ಲಾಕ್ (ತುಣುಕನ್ನು ಮೇಣದಲ್ಲಿ ಕೂರಿಸಿಟ್ಟ ಅಚ್ಚು) ತೆಗೆದುಕೊಂಡು ಹೋಗಿ ಬೇರೆ ಕಡೆ ಮಾಡಿಸಬಹುದು, ಮತ್ತೆ ಸೂಜಿ ಬೇಕಿಲ್ಲ. ಕ್ಯಾನ್ಸರಿನ ಗ್ರೇಡ್, ಅಂದರೆ ಅದು ಎಷ್ಟು ಉಗ್ರ ಎಂಬ ವಿಷಯದಲ್ಲಂತೂ ಕೋರ್ ಬಯಾಪ್ಸಿ ಅಷ್ಟು ಗಟ್ಟಿಯಲ್ಲ, ಇರುವುದಕ್ಕಿಂತ ಕಡಿಮೆ ತೋರಿಸುವುದುಂಟು.

ಪ್ರಶ್ನೆ (ರಾಣೆಬೆನ್ನೂರು): ಸೂಜಿ ಚುಚ್ಚಿದ್ರ ಕ್ಯಾನ್ಸರ್ ಹಬ್ಬತೇತಿ ಅಂತ ಮನ್ಯಾಗ ಎಲ್ಲಾರೂ ಹೆದರ್ಯಾರ್ರೀ.

ಉತ್ತರ (ರೇಡಿಯಾಲಜಿಸ್ಟ್, ಹುಬ್ಬಳ್ಳಿ): ದಾಖಲಾದ ಕೆಲವು ಪ್ರಕರಣಗಳಿವೆ, ಬಹಳ ವಿರಳ. ಹೊರಗೊಂದು ಕೊಳವೆ ಸೂಜಿ ಇಟ್ಟು ಅದರೊಳಗಿಂದಲೇ ತುಣುಕು ತೆಗೆದರೆ ದಾರಿಯಲ್ಲಿ ಜೀವಕೋಶ ಉದುರುವ ಸಂಭವ ಇನ್ನೂ ಕಡಿಮೆ. ಹೀಗೆಯೇ ಮಾಡುತ್ತೀರಾ ಎಂದು ಮೊದಲೇ ಕೇಳಿ. ನಿಜವಾಗಿ ಎಚ್ಚರವಿರಬೇಕಾದದ್ದು ರಕ್ತಸ್ರಾವದ ಬಗ್ಗೆ. 4ರಿಂದ 6 ತಾಸು ಮಲಗಿಸಿ ಬಿಪಿ, ಮೂತ್ರದ ಬಣ್ಣ ನೋಡುತ್ತಾರೆ. ಮೊದಲೆರಡು ಸಲ ಮೂತ್ರ ತಿಳಿಗೆಂಪಾದರೆ ಗಾಬರಿ ಬೇಡ. ಹೆಪ್ಪು ಬಂದರೆ, ಮೂತ್ರ ಕಟ್ಟಿದರೆ, ಪಕ್ಕೆನೋವು ಏರುತ್ತ ಹೋದರೆ ರಾತ್ರಿಯಾದರೂ ಸರಿ, ಹೊರಟು ಬರ್ರಿ. ಕ್ಲೋಪಿಡೋಗ್ರೆಲ್ ಮತ್ತೆ ಯಾವಾಗ ಶುರು ಮಾಡಬೇಕೆಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.