ಅಪ್‌ಡೇಟ್: ನಡುಗುತ್ತಿದ್ದ ಗೇಮಿಂಗ್ ಕನ್ಸೋಲ್ ಸರಿಹೋಯ್ತು

ಕೈಯಲ್ಲಿ ಹಿಡಿದು ಆಡುವ ನನ್ನ ಕನ್ಸೋಲ್ ಸುಮ್ನೆ ಗುರ್ ಅಂತ ನಡುಗುತ್ತೆ, ವೈಬ್ರೇಶನ್ ಆಫ್ ಮಾಡಿದರೂ ನಿಲ್ಲಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಹೋಯ್ತು.

ತೀರ್ಥಹಳ್ಳಿ ಮಳೆಯ ಥಂಡಿಗೆ ಒಳಗಿನ ನಡುಗಿಸುವ ಮೋಟಾರ್ ಕೆಟ್ಟಿದೆ ಅಂದುಕೊಂಡಿದ್ದೆ. ಅಮ್ಮ ಅಂತೂ ಅಡಿಕೆ ಬೇಯಿಸುವ ಒಲೆ ಪಕ್ಕ ಇಡು ಅಂದರು. ಬ್ಯಾಟರಿ ಇರೋದನ್ನ ಒಲೆ ಹತ್ತಿರವಾ!

ನೀವು ಹೇಳಿದಂತೆ ಗೇಮ್ ಮುಚ್ಚಿ, ನೀರು ತುಂಬಿದ ಸ್ಟೀಲ್ ಲೋಟದ ಪಕ್ಕ ಮೇಜಿನ ಮೇಲೆ ಹತ್ತು ನಿಮಿಷ ಇಟ್ಟೆ. ನೀರು ಅಲುಗಲೇ ಇಲ್ಲ. ಗೇಮ್ ತೆರೆದ ಕೂಡಲೇ ಲೋಟದಲ್ಲಿ ಸಣ್ಣ ಅಲೆ. ಅಂದರೆ ಮೋಟಾರ್ ತಪ್ಪಲ್ಲ, ಅಲ್ವಾ? ವೈಬ್ರೇಶನ್ ಸಿಸ್ಟಮ್‌ನಲ್ಲಿ ಆಫ್ ಇದ್ದರೂ ಆ ಗೇಮ್‌ಗೆ ಅಂತಲೇ ಇರುವ ಕಂಟ್ರೋಲರ್ ಪ್ರೊಫೈಲ್‌ನಲ್ಲಿ, ಅಂದರೆ ಆ ಗೇಮ್‌ನ ಬಟನ್, ವೈಬ್ರೇಶನ್ ಸೆಟ್ಟಿಂಗ್‌ಗಳಲ್ಲಿ, ಆನ್ ಇತ್ತು. ಅದನ್ನು ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆ. ಮೂರು ದಿನ ಆಯ್ತು, ನಡುಕ ಇಲ್ಲ. ಟ್ರ್ಯಾಕ್‌ಪ್ಯಾಡ್ ಒತ್ತಿದಾಗ ಟಿಕ್ ಅನ್ನುತ್ತೆ, ಅದು ಹ್ಯಾಪ್ಟಿಕ್ಸ್, ಅಂದರೆ ಒತ್ತಿದ್ದು ಬೆರಳಿಗೆ ಗೊತ್ತಾಗಲಿ ಅಂತ ಕೊಡುವ ಸಣ್ಣ ಕಂಪನ. ಅದಕ್ಕೆ ಬೇರೆ ಸ್ವಿಚ್ ಇದೆ. ನನಗೆ ಇಷ್ಟ, ಬಿಟ್ಟಿದ್ದೇನೆ.