ಗಿಲ್ ಮೆಲ್ಲೆ: ಜಾಝ್ ಬಿಟ್ಟು ಎಲೆಕ್ಟ್ರಾನಿಕ್ ಸಿನಿಮಾ ಮ್ಯೂಸಿಕ್‌ಗೆ ಹೋಗಿದ್ದು ಹೆಂಗೆ?

ಪ್ರಶ್ನೆ:
1971ರ 'ದಿ ಆಂಡ್ರೊಮಿಡಾ ಸ್ಟ್ರೇನ್' ನೋಡ್ದೆ, ರಾಬರ್ಟ್ ವೈಸ್ ಡೈರೆಕ್ಷನ್‌ದು, ಮ್ಯೂಸಿಕ್ ಪೂರ್ತಿ ಮಶೀನ್ ಸದ್ದು, ಗುನುಗೋಕೆ ಒಂದು ಟ್ಯೂನೂ ಇಲ್ಲ ಆದ್ರೂ ಮೈ ಜುಮ್ ಅಂತು. ಕಂಪೋಸರ್ ಹೆಸರು ಹುಡುಕಿದ್ರೆ 50ರ ದಶಕದ ಜಾಝ್ ಆಲ್ಬಮ್‌ಗಳು ಬರ್ತಿವೆ. ಇಬ್ರೂ ಒಬ್ರೇನಾ?

ಉತ್ತರ 1:
ಒಬ್ರೇ ಗುರು. ಬ್ಯಾರಿಟೋನ್ ಸ್ಯಾಕ್ಸೊಫೋನ್ ನುಡಿಸ್ತಿದ್ರು, ಬ್ಲೂ ನೋಟ್ ಅನ್ನೋ ಜಾಝ್ ರೆಕಾರ್ಡ್ ಕಂಪನಿಗೆ ಆಲ್ಬಮ್ ಮಾಡಿದಾರೆ. ಆ ಕಂಪನಿಯ ಆಲ್ಫ್ರೆಡ್ ಲಯನ್‌ಗೆ ರೂಡಿ ವ್ಯಾನ್ ಗೆಲ್ಡರ್ ಅನ್ನೋ ಸೌಂಡ್ ಇಂಜಿನಿಯರ್‌ನ ಪರಿಚಯ ಮಾಡ್ಸಿದ್ದೂ ಇವ್ರೇ, ಆಮೇಲೆ ಬ್ಲೂ ನೋಟ್ ಸೌಂಡ್ ಅಂತ ಜಗತ್ತೇ ಹೊಗಳಿದ್ದು ಗೆಲ್ಡರ್ ಕೈಚಳಕಾನೇ. ಜೊತೆಗೆ ಪೇಂಟರ್ ಬೇರೆ, ಆಲ್ಬಮ್ ಕವರ್ ಕೂಡ ಮಾಡ್ತಿದ್ರು.

ಉತ್ತರ 2:
ಮಧ್ಯದ ಕೊಂಡಿ ಮರೀಬೇಡಿ ಸರ್. ಇವ್ರು ಎಲೆಕ್ಟ್ರಾನಿಕ್ ವಾದ್ಯಗಳನ್ನ ಸ್ವತಃ ಕಟ್ಟೋರು, ಅವನ್ನೇ ಇಟ್ಕೊಂಡು ದಿ ಎಲೆಕ್ಟ್ರೊನಾಟ್ಸ್ ಅನ್ನೋ ತಂಡದ ಜೊತೆ ವರ್ವ್ ಕಂಪನಿಗೆ 'ಟೋಮ್ 6' ಆಲ್ಬಮ್ ಮಾಡಿದ್ರು. 'ನೈಟ್ ಗ್ಯಾಲರಿ' ಟಿವಿ ಸೀರಿಯಲ್ ಥೀಮ್ ಕೂಡ ಇವ್ರದ್ದೇ. ನೀವು ನೋಡಿದ ಸಿನಿಮಾಗೆ ಅಂತಾನೇ ಪರ್ಕಸೊಟ್ರಾನ್ ಅನ್ನೋ ತಾಳದ ಯಂತ್ರ ಕಟ್ಟಿದ್ರು, ರೆಡಿಮೇಡ್ ಡ್ರಮ್ ಮಶೀನ್ ತಂದು ಗುಂಡಿ ಒತ್ತಿದ್ದಲ್ಲ.

ಉತ್ತರ 3:
ನನ್ ಪ್ರಕಾರ ಇವ್ರು ಜಾಝ್ ಬಿಟ್ಟೇ ಇಲ್ಲ. ಲ್ಯಾಬ್ ಸೀನ್‌ಗಳನ್ನ ಹೆಡ್‌ಫೋನ್‌ನಲ್ಲಿ ಕೇಳಿ, ಜಾಝ್ ನುಡಿಸೋರ ಥರಾನೇ ಯಾವಾಗ ಸುಮ್ನಿರ್ಬೇಕು ಅನ್ನೋದು ಅವ್ರಿಗೆ ಎಷ್ಟ್ ಚೆನ್ನಾಗ್ ಗೊತ್ತಿತ್ತು ಅಂತ ತಿಳಿಯತ್ತೆ. ಮೊದ್ಲು 1956ರ 'ಪ್ಯಾಟರ್ನ್ಸ್ ಇನ್ ಜಾಝ್' ಕೇಳಿ, ಆಮೇಲೆ ಸಿನಿಮಾ ಇನ್ನೊಂದ್ಸಲ ನೋಡಿ.